ವರದೆಯ ದಾರಿಯಲ್ಲಿ ಎರಡು ದಿನ

(ವಿದ್ಯಾರ್ಥಿಗಳ ಪರಿಸರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಾಗರ ಪೇಟೆಗೆ ಬರುವ ಪ್ರವಾಸಿಗರಲ್ಲಿ ಬಹುಪಾಲು ಜನರ ಮುಖ ಜೋಗದ ಕಡೆಗೇ ತಿರುಗಿರುತ್ತದೆ. ಮಳೆಗಾಲದ ಭಾನುವಾರಗಳಂದು ಆ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿರುವ ಹೊತ್ತಿನಲ್ಲಿ, ಅದೇ ಪೇಟೆಯಿಂದ ಕವಲೊಡೆಯುವ ಸಣ್ಣ ರಸ್ತೆಗಳು ನಿರ್ಜನವಾಗಿರುತ್ತವೆ. ಇಕ್ಕೇರಿ, ಕೆಳದಿ, ಸೊರಬ, ಗುಡವಿ, ಬನವಾಸಿ, ಆನವಟ್ಟಿ, ಬಳ್ಳಿಗಾವಿ, ತಾಳಗುಂದ – ಇವಿಷ್ಟನ್ನೂ ಒಂದೇ ದಾರದಲ್ಲಿ ಪೋಣಿಸಿದರೂ ಒಟ್ಟು ದೂರ ನೂರೈವತ್ತು ಕಿಲೋಮೀಟರು ಮೀರದು. ಅವಸರದವರಿಗೆ ಇದು ಅರ್ಧ ದಿನದ ಹಾದಿ. ಇಳಿದು, ನಿಂತು, ಕೇಳಿ, ನೋಡುವವರಿಗೆ ಎರಡು ದಿನಗಳೂ ಸಾಲವು.

ಈ ಸೀಮೆಯಲ್ಲಿ ನಿಧಾನವಾಗಿ ಸಂಚರಿಸಿದವರು ಹಿಂದೆಯೂ ಇದ್ದರು. ರೋಮ್ ನಗರದ ಪಿಯೆತ್ರೊ ಡೆಲ್ಲಾ ವಾಲೆ 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಗೋವೆಯಿಂದ ಹೊರಟು, ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟವನ್ನು ಹತ್ತಿ, ವೆಂಕಟಪ್ಪ ನಾಯಕನ ರಾಜಧಾನಿಯಾಗಿದ್ದ ಇಕ್ಕೇರಿಯನ್ನು ಸೇರಿದನು. ಘಟ್ಟದ ಮೇಲಿನ ಗುಡಿಯೊಂದರ ಜಗುಲಿಯಲ್ಲಿ, ಸಾಮಾನು ಬರಲೆಂದು ಕಾಯುತ್ತ ಕುಳಿತಿದ್ದಾಗ, ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದ ಹುಡುಗರನ್ನು ಅವನು ಕಂಡನು, ಕಂಡದ್ದನ್ನು ಬರೆದಿಟ್ಟನು. ಕಾಯಬೇಕಾಗಿ ಬಂದುದರಿಂದಲೇ ಅವನಿಗೆ ಆ ದೃಶ್ಯ ದಕ್ಕಿತೆನ್ನಬೇಕು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಇದೇ ಸೀಮೆಯನ್ನು ಎದುರು ದಿಕ್ಕಿನಿಂದ ಹಾದುಹೋದನು – ಬನವಾಸಿ, ಚಂದ್ರಗುತ್ತಿ, ಕೆಳದಿ, ಇಕ್ಕೇರಿ. ಈತನದು ಕಂಪನಿ ಸರ್ಕಾರದ ಕಣ್ಣು. ಮೆಣಸೆಷ್ಟು, ಭತ್ತವೆಷ್ಟು, ಕಂದಾಯವೆಷ್ಟು ಎಂಬುದೇ ಅವನ ಮುಖ್ಯ ಕುತೂಹಲ. ಆದರೂ ಬಯಲಿನಲ್ಲಿ ನಿಂತು ರೈತನನ್ನು ಪ್ರಶ್ನಿಸಿ ಉತ್ತರ ಬರೆದುಕೊಳ್ಳುವಷ್ಟು ವ್ಯವಧಾನ ಅವನಿಗಿತ್ತು. ಇಂದಿನ ಪ್ರವಾಸಿಗೆ ಅಷ್ಟೂ ಇಲ್ಲ.

ದಾರಿಯನ್ನು ಇಕ್ಕೇರಿಯಿಂದ ಆರಂಭಿಸುವುದು ಒಳ್ಳೆಯದು. ಅದಕ್ಕೆ ಕಾರಣ ದೇವಾಲಯವೊಂದೇ ಅಲ್ಲ; ಸಮೀಪದಲ್ಲೇ ವರದಾಮೂಲವಿದೆ. ಇಲ್ಲಿ ಹುಟ್ಟುವ ವರದೆ ಉತ್ತರಕ್ಕೆ ಹರಿದು, ಸಾಗರ, ಸೊರಬ ತಾಲ್ಲೂಕುಗಳ ಗದ್ದೆಗಳ ನಡುವೆ ಸುಳಿದು, ಬನವಾಸಿಯನ್ನು ಮೂರು ಕಡೆಯಿಂದ ಬಳಸಿ, ಮುಂದೆ ಹಾವೇರಿ ಸೀಮೆಯ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಶರಾವತಿಯಂತೆ ಇದು ಧುಮುಕುವ ನದಿಯಲ್ಲ. ಇದರ ಮೇಲೆ ಹೇಳಿಕೊಳ್ಳುವಂತಹ ಜಲಪಾತವಿಲ್ಲ. ಆದ್ದರಿಂದ ಇದರ ಚಿತ್ರ ಯಾವ ಕ್ಯಾಲೆಂಡರಿನಲ್ಲಿಯೂ ಇಲ್ಲ. ಆದರೆ ಕನ್ನಡ ನಾಡಿನ ಮೊದಲ ರಾಜಧಾನಿಯೊಂದು ಎದ್ದದ್ದು ಇದರ ದಂಡೆಯ ಮೇಲೆ.

ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ಕಲ್ಲಿನಲ್ಲಿ ಕಟ್ಟಿದ ವಿಶಾಲ ಚಾವಡಿ ಎಂದರೂ ಸಲ್ಲುತ್ತದೆ. ಎತ್ತರದ ಮಂಟಪ, ಗೋಡೆಗಳಲ್ಲಿ ಕಲ್ಲಿನ ಜಾಲಂಧ್ರಗಳು, ಎದುರಿಗೆ ತನ್ನದೇ ಮಂಟಪದಲ್ಲಿ ಕುಳಿತ ಭಾರಿ ನಂದಿ. ಮಂಟಪದ ನೆಲದ ಮೇಲೆ ಸಾಷ್ಟಾಂಗ ಎರಗಿದ ನಾಯಕರ ಆಕೃತಿಗಳನ್ನು ಕೊರೆದಿದ್ದಾರೆ. ಅರಮನೆಯ ಗುರುತು ಹೆಚ್ಚೇನೂ ಉಳಿದಿಲ್ಲ. ಡೆಲ್ಲಾ ವಾಲೆಯ ಬರಹವನ್ನು ನೆನೆದರೆ ಅದಕ್ಕೆ ಕಾರಣವೂ ಕೊಂಚ ತಿಳಿಯುತ್ತದೆ: ಪಟ್ಟಣಕ್ಕೆ ಮೂರು ಸುತ್ತಿನ ಆವರಣವಿತ್ತು, ಹೊರಗಿನ ಎರಡು ಸುತ್ತು ಕಲ್ಲಿನ ಗೋಡೆಗಳಾಗಿರದೆ, ದಟ್ಟವಾಗಿ ನೆಟ್ಟು ಬೆಳೆಸಿದ ಎತ್ತರದ ಬಿದಿರು ಮೆಳೆಗಳಾಗಿದ್ದವು ಎಂದು ಅವನು ಹೇಳಿದ್ದಾನೆ. ಬಿದಿರನ್ನೇ ಕೋಟೆಯಾಗಿ ಬೆಳೆಸಿದ ರಾಜಧಾನಿ! ಮಲೆನಾಡಿನ ಅರಸರಿಗೆ ಕಾಡು ಆದಾಯದ ಮೂಲವಾಗಿತ್ತಷ್ಟೇ ಅಲ್ಲ, ಮೈಗಾವಲೂ ಆಗಿತ್ತು.

ಕೆಳದಿ ಅಲ್ಲಿಂದ ದೂರವೇನಲ್ಲ. ಸಾಗರಕ್ಕೆ ಮರಳಿ ಉತ್ತರಕ್ಕೆ ಏಳೆಂಟು ಕಿಲೋಮೀಟರು ಹೋದರಾಯಿತು. 1499ರಲ್ಲಿ ಆರಂಭವಾಗಿ 1763ರಲ್ಲಿ ಹೈದರಾಲಿಯ ಕೈಗೆ ಬಿದನೂರು ಸಿಕ್ಕುವವರೆಗೆ ಬಾಳಿದ ಅರಸು ಮನೆತನದ ಮೂಲ ನೆಲೆ ಇದು. ಹುತ್ತದ ಮೇಲೆ ಹಸು ಹಾಲು ಕರೆದ ಕಥೆ ಎಲ್ಲರಿಗೂ ತಿಳಿದಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಶಿವಪ್ಪ ನಾಯಕನ ಶಿಸ್ತು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯ ಧೈರ್ಯ ಶಾಲೆಯ ಪಾಠಗಳಲ್ಲಿಯೇ ಇವೆ. ಇಲ್ಲಿ ತಪ್ಪದೆ ನೋಡಬೇಕಾದವು ಎರಡು. ಒಂದು, ತಾಳೆಗರಿಗಳನ್ನು ಕಾಪಿಟ್ಟಿರುವ ವಸ್ತುಸಂಗ್ರಹಾಲಯ. ಇನ್ನೊಂದು, ವೀರಭದ್ರ ದೇವಾಲಯದ ಮೇಲ್ಛಾವಣಿಯ ಗಂಡಭೇರುಂಡ. ಕತ್ತೆತ್ತಿ ಅದನ್ನು ನೋಡಿದ ವಿದ್ಯಾರ್ಥಿ, ಹೊರಗೆ ಬಂದು ಬಸ್ಸಿಗೆ ಕಾಯುವಾಗ ಸಾರಿಗೆ ಸಂಸ್ಥೆಯ ಲಾಂಛನದಲ್ಲಿಯೂ ಅದೇ ಎರಡು ತಲೆಯ ಹಕ್ಕಿ ಇರುವುದನ್ನು ಗಮನಿಸಲಿ. ಅದರ ಹಿರಿಯಣ್ಣನನ್ನು ಅವನು ಎರಡನೆಯ ದಿನ ಕಾಣಲಿದ್ದಾನೆ.

ಕೆಳದಿಯಿಂದ ಸೊರಬದತ್ತ ಸಾಗುವ ಹಾದಿಯೇ ಈ ಪಯಣದ ತಿರುಳು. ಇಲ್ಲಿ ಫಲಕಗಳಿಲ್ಲ, ಟಿಕೆಟ್ಟುಗಳಿಲ್ಲ, ಮಾರ್ಗದರ್ಶಿಗಳಿಲ್ಲ. ಕೆಂಪು ಮುರಕಲ್ಲಿನ ದಿಣ್ಣೆಗಳು. ದಿಣ್ಣೆಯ ಇಳಿಜಾರಿನಲ್ಲಿ ಕಡುಹಸುರಾದ ಕಾನು. ಕಾನಿನ ಬುಡದಲ್ಲಿ ಕೆರೆ. ಕೆರೆಯ ಏರಿಯ ಕೆಳಗೆ ಗದ್ದೆ, ಅಡಿಕೆ ತೋಟ. ಆಚೆಗೆ ಮತ್ತೊಂದು ದಿಣ್ಣೆ. ಕಣ್ಣಿಗೆ ಇದು ಒಂದೇ ಬಗೆಯ, ತುಸು ಬೇಸರ ತರಿಸುವ ನೋಟವೆನಿಸಬಹುದು. ಆದರೆ ಈ ಜೋಡಣೆ ಆಕಸ್ಮಿಕವಲ್ಲ. ಕಾನು ಮಳೆಯ ನೀರನ್ನು ಹಿಡಿದು ತಡೆದು ತಡೆದು ಜಿನುಗಿಸುತ್ತದೆ. ಜಿನುಗಿದ ನೀರು ಅಬ್ಬಿಯಾಗಿ, ಹಳ್ಳವಾಗಿ ಕೆರೆಗೆ ಇಳಿಯುತ್ತದೆ. ತುಂಬಿದ ಕೆರೆಯ ನೀರು ತೂಬಿನಿಂದ ಗದ್ದೆಗೂ, ಹೆಚ್ಚಾದದ್ದು ಕೋಡಿಯಿಂದ ಕೆಳಗಿನ ಊರಿನ ಕೆರೆಗೂ ಹೋಗುತ್ತದೆ. ಒಂದೂರಿನ ಕೋಡಿ ಮುಂದಿನ ಊರಿನ ಒರತೆ. ಹೀಗೆ ಸರಪಳಿಯಂತೆ ಇಳಿದಿಳಿದು ಎಲ್ಲವೂ ಕೊನೆಗೆ ದಂಡಾವತಿಗೋ ವರದೆಗೋ ಸೇರುತ್ತದೆ. ಸೊರಬ ಪಟ್ಟಣವಿರುವುದು ದಂಡಾವತಿಯ ದಂಡೆಯಲ್ಲಿ. ದಂಡಾವತಿ ವರದೆಯ ಉಪನದಿ.

ಕಾನು ಎಂಬುದು ಬರಿಯ ಕಾಡಲ್ಲ. ಊರಿನ ದೈವ, ಚೌಡಿ, ಭೂತಪ್ಪ ನೆಲೆಸಿದ ಕಾಡು. ಕೊಡಲಿಯನ್ನು ಹೊರಗಿಟ್ಟು ಒಳಹೊಗಬೇಕಾದ ಕಾಡು. ಅದೇ ಹೊತ್ತಿಗೆ ಅದು ದುಡಿಮೆಯ ನೆಲವೂ ಹೌದು: ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಬೈನೆ, ದಾಲ್ಚಿನ್ನಿ, ಜೇನು. ಮೆಣಸಿನ ಫಸಲಿಗಾಗಿ ಕಾನುಗಳಿಗೆ ಕಂದಾಯ ತೆತ್ತ ಊರುಗಳಿದ್ದವು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಆಡಳಿತದ ಅಧಿಕಾರಿಗಳು 1868ರಲ್ಲಿ ಸೊರಬದ ಕಾನುಗಳನ್ನು ಕುರಿತು ವರದಿ ಬರೆದಾಗ, ಈ ಒಂದು ತಾಲ್ಲೂಕಿನಲ್ಲಿಯೇ ಮೂವತ್ತು ಸಾವಿರ ಎಕರೆಗೂ ಮಿಗಿಲಾದ ಕಾನನ್ನು ಲೆಕ್ಕ ಹಾಕಿದ್ದರು. ಇಂದು ಬಸ್ಸಿನ ಕಿಟಕಿಯಿಂದ ಕಾಣುವ ಹಸಿರಿನಲ್ಲಿ ಕಾನೆಷ್ಟು, ಅಕೇಸಿಯಾ ನೆಡುತೋಪು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದನ್ನು ವಿದ್ಯಾರ್ಥಿಗಳು ಕಲಿಯಬೇಕು. ಕಷ್ಟವೇನಲ್ಲ. ಸಾಲುಹಿಡಿದು ನಿಂತ ಒಂದೇ ಬಣ್ಣದ, ಒಂದೇ ಎತ್ತರದ ಮರಗಳು ನೆಡುತೋಪು. ಒಳಗೆ ಕಣ್ಣು ಹಾಯದಷ್ಟು ಕತ್ತಲೆಯಿದ್ದು, ಒಂದು ಮರದ ಹಸಿರಿನಂತೆ ಇನ್ನೊಂದರ ಹಸಿರು ಇಲ್ಲದಿದ್ದರೆ ಅದು ಕಾನು. ಬೇಸಗೆಯಲ್ಲಿ ಇನ್ನೂ ಸುಲಭ: ಯಾವುದರ ಬುಡದ ಹಳ್ಳದಲ್ಲಿ ನೀರಿದೆಯೋ ಅದನ್ನು ನೋಡಿದರೆ ಸಾಕು.

ಈ ದಾರಿಯಲ್ಲಿ ಸಂಚರಿಸುವವರು ನೋಡಬೇಕಾದ, ಆದರೆ ಯಾರೂ ನೋಡದ ಮತ್ತೊಂದು ವಸ್ತುವಿದೆ. ಅದು ರಸ್ತೆಯೇ. ಹಳೆಯ ಬಂಡಿದಾರಿ ನೆಲದ ಏರಿಳಿತಕ್ಕೆ ತಕ್ಕಂತೆ ಏರಿ ಇಳಿಯುತ್ತಿತ್ತು. ಮಳೆಗಾಲದಲ್ಲಿ ನೀರು ಅದನ್ನು ದಾಟಿ ಕೆರೆಗೆ ಹೋಗುತ್ತಿತ್ತು, ಗಾಡಿ ಕಾಯುತ್ತಿತ್ತು. ಹೊಸ ರಸ್ತೆ ಎತ್ತರಿಸಿದ ಏರಿಯ ಮೇಲೆ ಓಡುತ್ತದೆ. ನೀರು ಹರಿಯುವ ಜಾಗಗಳಲ್ಲೆಲ್ಲ ಮೋರಿ ಇಟ್ಟರೆ ತೊಂದರೆಯಿಲ್ಲ. ಇಡದಿದ್ದರೆ, ಅಥವಾ ಇಟ್ಟ ಮೋರಿ ಮಣ್ಣು ತುಂಬಿ ಮುಚ್ಚಿದರೆ, ದಿಣ್ಣೆಯ ನೀರು ರಸ್ತೆಯ ಚರಂಡಿಯನ್ನೇ ಹಿಡಿದು ಎಲ್ಲಿಗೋ ಹೋಗುತ್ತದೆ. ಕೆರೆ ಅರ್ಧ ತುಂಬುತ್ತದೆ. ಊರಿನವರು ಮಳೆ ಕಡಿಮೆಯಾಯಿತು ಎನ್ನುತ್ತಾರೆ. ಕೆಲವು ವರ್ಷ ಅದೂ ನಿಜವಿರಬಹುದು. ಆದರೆ ಒಂದು ಕೆರೆಯ ಏರಿಯ ಮೇಲೆ ನಿಂತು, ಅದಕ್ಕೆ ನೀರು ಎತ್ತಣಿಂದ ಬರಬೇಕು ಎಂದು ಕೇಳಿ, ಆ ಜಾಡು ಹಿಡಿದು ನಡೆದು ನೋಡಿದರೆ ಎಷ್ಟೋ ವೇಳೆ ಉತ್ತರ ಮೋಡದಲ್ಲಿರದೆ ಮೋರಿಯಲ್ಲಿರುತ್ತದೆ. ದನ ಕಾಯುವ ಹಿರಿಯರಿಗೆ ಈ ಜಾಡುಗಳು ಗೊತ್ತು. ಎಂಜಿನಿಯರುಗಳ ನಕ್ಷೆಯಲ್ಲಿ ಅವು ಇರುವುದು ಅಪರೂಪ.

ಸೊರಬದಿಂದ ಸುಮಾರು ಹದಿನಾರು ಕಿಲೋಮೀಟರಿನಲ್ಲಿ ಗುಡವಿ. ಒಂದು ಕೆರೆ, ಕೆರೆಯ ನೀರಿನಲ್ಲಿಯೇ ಬೇರೂರಿ ನಿಂತ ಮರಗಳು, ಮರಗಳ ಮೇಲೆ ಗೂಡುಗಳು. ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಮುಂಗಾರಿನ ಜೊತೆಗೆ ಬಂದು ಇಲ್ಲಿ ಮರಿ ಮಾಡುತ್ತವೆ. ಪಕ್ಷಿಧಾಮವೆಂಬ ಹೆಸರು ಬರುವ ಮೊದಲೂ ಹಕ್ಕಿಗಳು ಬರುತ್ತಿದ್ದವು. ಕಾದವರು ಸುತ್ತಲಿನ ಊರಿನವರು. ಹಿಕ್ಕೆ ಬೆರೆತ ಕೆರೆಯ ನೀರು ಗದ್ದೆಗೆ ಗೊಬ್ಬರವಾಗುತ್ತದೆ ಎಂಬ ಲೆಕ್ಕವೂ ಅವರಿಗಿತ್ತು. ಕೆರೆಯ ನೀರು ಬೇಗ ಇಳಿದ ವರ್ಷ ಗೂಡಿಗೆ ಭದ್ರತೆ ತಪ್ಪುತ್ತದೆ, ಏಕೆಂದರೆ ಮರದ ಸುತ್ತಲಿನ ನೀರೇ ಮರಿಗಳಿಗೆ ಕಂದಕ. ಕೆರೆಗೆ ನೀರು ತರುವ ಜಾಡು ಮುಚ್ಚಿಹೋದರೆ ಗದ್ದೆಯವನ ಜೊತೆಗೆ ಹಾವಕ್ಕಿಯೂ ನಷ್ಟ ಅನುಭವಿಸುತ್ತದೆ.

ಮೊದಲ ದಿನದ ಇಳಿಹೊತ್ತಿಗೆ ಬನವಾಸಿಯನ್ನು ಸೇರಬಹುದು. ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಕದಂಬರ ರಾಜಧಾನಿಯಾದ ಊರು. ಆದಿಕವಿ ಪಂಪ ಹಂಬಲಿಸಿದ ಊರು. ಅವನ ಹೆಸರಿನ ಪ್ರಶಸ್ತಿ ಸಲ್ಲುವುದೂ ಇಲ್ಲಿಯ ಕದಂಬೋತ್ಸವದಲ್ಲಿ. ಉತ್ಸವದ ದಿನಗಳನ್ನು ಬಿಟ್ಟರೆ ವರ್ಷವಿಡೀ ರಥಬೀದಿ ಶಾಂತವಾಗಿರುತ್ತದೆ. ಮಧುಕೇಶ್ವರ ದೇವಾಲಯದ ಅಂಗಳದಲ್ಲಿ ಒಂದು ನಾಗಶಿಲೆಯಿದೆ. ಐದು ಹೆಡೆಯ ನಾಗ, ಅಂಚಿನಲ್ಲಿ ಪ್ರಾಕೃತ ಭಾಷೆಯ ಬರಹ. ಕದಂಬರಿಗೂ ಮುಂಚೆ ಇಲ್ಲಿ ಆಳಿದ ಚುಟು ವಂಶದ ರಾಜಕುಮಾರಿಯೊಬ್ಬಳು ಮಾಡಿದ ದಾನದ ದಾಖಲೆ ಅದು. ಮೂರು ವಸ್ತುಗಳ ದಾನ: ಒಂದು ನಾಗ, ಒಂದು ವಿಹಾರ, ಒಂದು ಕೆರೆ. ವಿಹಾರದ ಗುರುತು ಇಂದು ಕಣ್ಣಿಗೆ ಬೀಳದು. ನಾಗನಿಗೆ ಈಗಲೂ ಅರಿಸಿನ ಕುಂಕುಮವುಂಟು. ಆ ಕೆರೆ ಯಾವುದೆಂದು ಕೇಳುವವರು ಅಪರೂಪ.

ಮರುದಿನ ಮುಂಜಾವಿನಲ್ಲಿ ದೇವಾಲಯದ ಹಿಂದಣ ಹೊಳೆಯ ದಂಡೆಗೆ ಹೋಗದೆ ಬನವಾಸಿಯನ್ನು ಬಿಡಬಾರದು. ಆಗಸ್ಟಿನಲ್ಲಿ ಬಂದವರು ಕೆಂಪಗೆ ಉಕ್ಕಿದ ವರದೆಯನ್ನು ಕಾಣುತ್ತಾರೆ. 2019ರ ಆಗಸ್ಟಿನಲ್ಲಿ ಆಸುಪಾಸಿನ ಗದ್ದೆಗಳೆಲ್ಲ ಮುಳುಗಿದ್ದವು. ಏಪ್ರಿಲಿನಲ್ಲಿ ಬಂದವರು ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನಿಂತ ನೀರನ್ನು ಕಾಣುತ್ತಾರೆ. ಒಂದೇ ನದಿಗೆ ಈ ಎರಡು ಮುಖಗಳೇಕೆ? ಮಳೆಯ ನೀರನ್ನು ನಾಲ್ಕು ತಿಂಗಳು ಹಿಡಿದು ಎಂಟು ತಿಂಗಳು ಬಿಡುತ್ತಿದ್ದ ಕಾನು, ಕೆರೆಗಳು ತಮ್ಮ ಶಕ್ತಿಯನ್ನು ಕಳೆದುಕೊಂಡಿವೆ ಎಂಬುದು ಉತ್ತರದ ಒಂದು ಭಾಗವಾದರೂ ಹೌದು. ಹೂಳು ತುಂಬಿದ ಕೆರೆ ಬಾಣಲೆಯಂತೆ. ಬೇಗ ತುಂಬುತ್ತದೆ, ಬೇಗ ಆರುತ್ತದೆ. ಬೇಡ್ತಿಯ ನೀರನ್ನು ಘಟ್ಟದಿಂದೆತ್ತಿ ಈ ವರದೆಗೆ ತಿರುಗಿಸುವ ನದಿಜೋಡಣೆಯ ಪ್ರಸ್ತಾಪ ದಶಕಗಳಿಂದ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಶಿರಸಿ, ಯಲ್ಲಾಪುರದ ಜನ ಅದನ್ನು ವಿರೋಧಿಸುತ್ತಲೇ ಬಂದಿದ್ದಾರೆ. ವರದೆಗೆ ನೀರಿಲ್ಲವೆನ್ನುವವರು ಮೊದಲು ವರದಾಮೂಲದಿಂದ ಬನವಾಸಿಯವರೆಗೆ ಒಮ್ಮೆ ನಿಧಾನವಾಗಿ ಪಯಣಿಸಿ, ಅದಕ್ಕೆ ಸೇರಬೇಕಾದ ಹಳ್ಳಗಳ ತಲೆಯಲ್ಲಿ ಏನಿದೆಯೆಂದು ನೋಡುವುದು ನ್ಯಾಯ.

ಬನವಾಸಿಯ ಅನಾನಸಿನ ಹೊಲಗಳನ್ನು ದಾಟಿ ಆನವಟ್ಟಿಗೆ ಬಂದರೆ, ಪಕ್ಕದ ಕೋಟಿಪುರದಲ್ಲಿ ಕೈಟಭೇಶ್ವರ ದೇವಾಲಯ. ತಿರುಗಣೆಯಲ್ಲಿ ಕಡೆದಂತಹ ನುಣುಪು ಕಂಬಗಳ ತೆರೆದ ಮಂಟಪ; ಮಧ್ಯಾಹ್ನದ ಬುತ್ತಿಗೆ ಇದಕ್ಕಿಂತ ತಂಪಾದ ಸ್ಥಳ ದೊರೆಯದು (ಎಲೆ, ಕಾಗದಗಳನ್ನು ಮರಳಿ ಒಯ್ಯುವ ಷರತ್ತಿನ ಮೇಲೆ). ಇಲ್ಲಿಂದ ಮುಂದೆ ನೆಲ ಬದಲಾಗುತ್ತದೆ. ಮಳೆ ಕಡಿಮೆಯಾಗುತ್ತದೆ, ದಿಣ್ಣೆಗಳು ತಗ್ಗುತ್ತವೆ, ಕಾನು ಹಿಂದೆ ಉಳಿಯುತ್ತದೆ, ಗದ್ದೆಯ ಜೊತೆಗೆ ಮುಸುಕಿನ ಜೋಳ ಕಾಣತೊಡಗುತ್ತದೆ. ಮಲೆನಾಡು ಬಯಲುಸೀಮೆಗೆ ಕೈಯಿಡುವ ಈ ಅಂಚಿನಲ್ಲಿ ಕೆರೆಯಿಲ್ಲದೆ ಊರು ನಿಲ್ಲುವಂತಿರಲಿಲ್ಲ.

ಶಿರಾಳಕೊಪ್ಪದ ಬಳಿಯ ಬಳ್ಳಿಗಾವಿ ಅಂತಹ ಊರುಗಳಲ್ಲಿ ಹಿರಿಯದು. ಬನವಾಸಿ ಹನ್ನೆರಡು ಸಾವಿರದ ರಾಜಧಾನಿ, ಅಲ್ಲಮಪ್ರಭುವಿನ ಹುಟ್ಟೂರೆಂದು ಪ್ರಸಿದ್ಧ. ಅಕ್ಕಮಹಾದೇವಿಯ ಉಡುತಡಿಯೂ ಇದೇ ಶಿಕಾರಿಪುರ ತಾಲ್ಲೂಕಿನದು. ಕೆಳದಿಯ ಗಂಡಭೇರುಂಡದ ಹಿರಿಯಣ್ಣ ಇರುವುದು ಇಲ್ಲಿ: 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಭೇರುಂಡೇಶ್ವರ ಸ್ತಂಭ, ಸುಮಾರು ಮೂವತ್ತು ಅಡಿ ಎತ್ತರ, ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮೂರು ಗರ್ಭಗುಡಿಗಳ ಕೇದಾರೇಶ್ವರವೂ ಶಿಲ್ಪ ತುಂಬಿದ ತ್ರಿಪುರಾಂತಕವೂ ಬಿಡಿಸಿ ನೋಡಲು ಅರ್ಧ ದಿನ ಬೇಡುತ್ತವೆ. ವಿದ್ಯಾರ್ಥಿಗಳಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಕೋಡಿಯ ಮಠದ ನೆನಪು. ವೇದ, ವ್ಯಾಕರಣ, ದರ್ಶನಗಳ ಪಾಠ ಅಲ್ಲಿ ನಡೆಯುತ್ತಿದ್ದುದನ್ನೂ, ಬಡವರಿಗೂ ದಾರಿಹೋಕರಿಗೂ ಊಟ, ರೋಗಿಗಳಿಗೆ ಮದ್ದು ದೊರೆಯುತ್ತಿದ್ದುದನ್ನೂ 1162ರ ಶಾಸನ ವಿವರಿಸುತ್ತದೆ. ಅದರ ಹೆಸರಿನಲ್ಲಿಯೇ ಕೋಡಿ ಇದೆ. ಕೆರೆಯ ಕೋಡಿಯಿಂದ ಗುರುತಿಸಿಕೊಂಡ ವಿದ್ಯಾಕೇಂದ್ರ! ಇಂದಿನ ಯಾವ ವಿಶ್ವವಿದ್ಯಾಲಯವೂ ತನ್ನ ಹೆಸರನ್ನು ನೀರಿನಿಂದ ಪಡೆಯಲು ಮುಂದೆ ಬರಲಾರದು.

ಕೊನೆಯ ನಿಲ್ದಾಣ ತಾಳಗುಂದ, ಅಲ್ಲಿಂದ ಐದಾರು ಕಿಲೋಮೀಟರು. ಪ್ರಣವೇಶ್ವರ ದೇವಾಲಯ ಚಿಕ್ಕದು, ಅಲಂಕಾರವೂ ಕಡಿಮೆ. ಬಳ್ಳಿಗಾವಿಯನ್ನು ನೋಡಿ ಬಂದವರಿಗೆ ಮೊದಲ ನೋಟದಲ್ಲಿ ನಿರಾಶೆಯಾಗಬಹುದು. ಆದರೆ ಎದುರಿಗೆ ನಿಂತಿರುವ ಎಂಟು ಮುಖದ ಕಲ್ಲುಕಂಬವೇ ಈ ನಾಡಿನ ಹುಟ್ಟಿನ ಕಥೆಯನ್ನು ಹೇಳುವುದು. ಐದನೆಯ ಶತಮಾನದ ನಡುಭಾಗದಲ್ಲಿ, ಶಾಂತಿವರ್ಮನ ಕಾಲಕ್ಕೆ, ಕುಬ್ಜನೆಂಬ ಕವಿ ರಚಿಸಿದ 34 ಸಂಸ್ಕೃತ ಪದ್ಯಗಳು ಅದರ ಮೇಲಿವೆ. ಸಾಲುಗಳು ಅಡ್ಡಲಾಗಿಲ್ಲ, ಕಂಬದ ಬುಡದಿಂದ ಮೇಲಕ್ಕೆ ಏರುತ್ತವೆ, ಬಳ್ಳಿಯ ಹಾಗೆ. ಬಿ.ಎಲ್. ರೈಸ್ 1894ರಲ್ಲಿ ಇದನ್ನು ಬೆಳಕಿಗೆ ತಂದರು. ಅಜ್ಜ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ಅವಮಾನ ತಾಳದೆ ದರ್ಭೆಯ ಕೈಯಲ್ಲಿ ಕತ್ತಿ ಹಿಡಿದದ್ದನ್ನು ಈ ಶಾಸನ ಹೇಳುತ್ತದೆ. ಆ ಮನೆತನಕ್ಕೆ ಕದಂಬವೆಂಬ ಹೆಸರು ಬಂದದ್ದು ಮನೆಯ ಬಳಿ ಆರೈಕೆ ಮಾಡಿ ಬೆಳೆಸಿದ ಒಂದು ಮರದಿಂದ ಎಂಬುದನ್ನೂ ಹೇಳುತ್ತದೆ. ಸೂರ್ಯನ, ಚಂದ್ರನ ವಂಶದವರೆಂದು ಹೇಳಿಕೊಂಡ ಅರಸರು ಬಹಳ. ಮರದ ಹೆಸರು ಹೊತ್ತು ರಾಜ್ಯವಾಳಿದವರು ಕಡಿಮೆ. ಕದಂಬ ನೀರಿನ ಆಸರೆ ಬಯಸುವ ಮರ, ತೇವದ ನೆಲದ ಮರ. ಇಂದು ತಾಳಗುಂದದ ಸುತ್ತ ನಾಲ್ಕು ಕದಂಬ ಮರಗಳನ್ನು ತೋರಿಸಿ ಎಂದು ಕೇಳಿದರೆ ಹುಡುಕಬೇಕಾದೀತು.

ಇಷ್ಟೆಲ್ಲ ವಂಶದ ಕಥೆಯನ್ನು ಕಲ್ಲಿನಲ್ಲಿ ಕೊರೆಸಿದ್ದು ಏತಕ್ಕಾಗಿ? ಯುದ್ಧದ ಗೆಲುವಿಗಲ್ಲ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಈ ಶಿವಾಲಯದ ಬಳಿ ಒಂದು ಕೆರೆಯನ್ನು ಕಟ್ಟಿಸಿದನು. ಕಂಬ ನಿಂತಿರುವುದು ಆ ಕೆರೆಯ ದಾಖಲೆಯಾಗಿ. ಪಠ್ಯಪುಸ್ತಕಗಳು ಕಂಚಿಯ ಜಗಳವನ್ನು ಉಳಿಸಿಕೊಂಡವು, ಕೆರೆಯನ್ನು ಕೈಬಿಟ್ಟವು. ಈಚೆಗೆ ಇದೇ ದೇವಾಲಯದ ಆವರಣದಲ್ಲಿ ಭಾರತೀಯ ಪುರಾತತ್ವ ಇಲಾಖೆ 2013-14ರಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲೆ ಒಂದು ಬರಹ ದೊರೆಯಿತು. ಅದನ್ನು ಸುಮಾರು ಕ್ರಿ.ಶ. 370ರದೆಂದು, ಅಂದರೆ ಹಲ್ಮಿಡಿ ಶಾಸನಕ್ಕಿಂತ ಹಿಂದಿನ ಕನ್ನಡವೆಂದು ಗುರುತಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಕಲ್ಲಿಗೆ ಸಂದ ಈ ಗೌರವ ನ್ಯಾಯವಾದದ್ದೇ. ಕಂಬಕ್ಕೆ ಬೇಲಿಯಿದೆ, ಕಾವಲಿದೆ, ಕಾನೂನಿದೆ. ಆದರೆ ಈ ಸೀಮೆಯಲ್ಲಿ ನೂರಾರು ವರ್ಷ ದುಡಿದ ಕೆರೆಗಳಿಗೆ, ಅವುಗಳ ತೂಬಿಗೆ, ಕೋಡಿಗೆ, ಅವಕ್ಕೆ ನೀರು ತರುವ ಕಾನಿಗೆ ಪುರಾತನ ವಸ್ತುವಿನ ಮರ್ಯಾದೆ ಸಿಕ್ಕಿಲ್ಲ. ತೂಬಿನ ಹಳೆಯ ಕಲ್ಲುಗಳನ್ನು ಕಿತ್ತು ಸಿಮೆಂಟು ಕೊಳವೆ ಕೂರಿಸುವಾಗ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ.

ಹೋಗಬಯಸುವವರಿಗೆ ಕೆಲವು ಮಾತು. ಗುಡವಿಯ ಹಕ್ಕಿಗಳಿಗಾಗಿಯಾದರೆ ಜುಲೈಯಿಂದ ಅಕ್ಟೋಬರು; ಶಾಸನ, ಶಿಲ್ಪಗಳಿಗಾಗಿಯಾದರೆ ಮಳೆ ಕಳೆದ ನವೆಂಬರು, ಡಿಸೆಂಬರು; ನೀರಿನ ನಿಜಸ್ಥಿತಿ ತಿಳಿಯಬೇಕಾದರೆ ಏಪ್ರಿಲು. ಎರಡು ಕಾಲದಲ್ಲಿ ಒಂದೇ ದಾರಿಯನ್ನು ನೋಡಿದವರು ಭಾಗ್ಯವಂತರು. ಸ್ವಂತ ವಾಹನ ಬೇಕೇಬೇಕೆಂದಿಲ್ಲ. ಈ ಊರುಗಳ ನಡುವೆ ಬಸ್ಸುಗಳಿವೆ, ಕೊನೆಯ ಒಂದೆರಡು ಮೈಲಿ ನಡೆಯಬೇಕಾಗಿ ಬಂದರೆ ಅದೇ ಲಾಭ. ಪ್ರತಿ ಊರಿನಲ್ಲಿ ದೇವಾಲಯಕ್ಕೆ ಹೋಗುವ ಮೊದಲು ಕೆರೆಯ ಏರಿಯ ಮೇಲೊಮ್ಮೆ ನಡೆಯಬೇಕು. ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಸಂಗತಿ ಬರೆದುಕೊಂಡರೆ ಸಾಕು: ನೀರು ಎತ್ತಣಿಂದ ಬರುತ್ತದೆ, ಕೋಡಿ ಎತ್ತ ಹರಿಯುತ್ತದೆ, ತೂಬನ್ನು ತೆಗೆಯುವವರು ಯಾರು, ಹೂಳನ್ನು ಕೊನೆಯ ಸಲ ತೆಗೆದದ್ದು ಎಂದು. ನಾಲ್ಕನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಊರಿನಲ್ಲಿ ಒಬ್ಬಿಬ್ಬರು ಮುದುಕರಷ್ಟೇ ಉಳಿದಿರುತ್ತಾರೆ.

ತಾಳಗುಂದದ ಕಂಬದ ಅಕ್ಷರಗಳು ನಡುಹಗಲಿನ ಬಿಸಿಲಿಗೆ ಸರಿಯಾಗಿ ಕಾಣುವುದಿಲ್ಲ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದೇ ಗೀಟು ನೆರಳು ಹಿಡಿದು ಎದ್ದು ನಿಲ್ಲುತ್ತದೆ. ಅದನ್ನು ಕಾದು ನೋಡಿ, ಊರ ಕೆರೆಯ ಕಡೆಗೊಮ್ಮೆ ನಡೆದು, ಶಿರಾಳಕೊಪ್ಪಕ್ಕೆ ಬರುವ ಹೊತ್ತಿಗೆ ಮಬ್ಬುಗತ್ತಲಾಗಿರುತ್ತದೆ. ಸಾಗರದ ಕಡೆಗೆ ಮರಳುವವರು ಹೊರಡುವ ಮೊದಲೇ ಕೊನೆಯ ಬಸ್ಸಿನ ಸಮಯವನ್ನು ವಿಚಾರಿಸಿಟ್ಟುಕೊಂಡಿರಬೇಕು.